ಪಂಚಾಮೃತದ ಎಕ್ಸ್‌ರೇ

ಅಮೆರಿಕದಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ, ‘ಜನರಿಗೆ ನುಂಗುವುದನ್ನು ಹೇಳಿಕೊಡುತ್ತಿದ್ದೆ’ ಎನ್ನುತ್ತೇನೆ. ಮೊದಲು ನಗುತ್ತಾರೆ. ನಗಲಿ ಬಿಡಿ. ಪಾರ್ಶ್ವವಾಯು ಹೊಡೆದು ಗಂಟಲಿನ ಒಂದು ಪಕ್ಕ ಸೋತುಹೋದರೆ, ಒಂದು ಗುಟುಕು ಕಾಫಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಮನುಷ್ಯ ಸತ್ತೇ ಹೋಗಬಹುದು ಎಂದು ವಿವರಿಸುವಷ್ಟರಲ್ಲಿ ಅವರ ನಗು ನಿಂತಿರುತ್ತದೆ.

ನಿವೃತ್ತಿಯಾಗಿ ನ್ಯೂಯಾರ್ಕ್ ಬಳಿಯ ಹಿಕ್ಸ್‌ವಿಲ್‌ನ ಮನೆಯಲ್ಲಿ ಕುಳಿತ ಮೇಲೆ, ಇದೇ ಓದಿಗೆ ಸೇರಿರುವ ನಮ್ಮವರ ಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ‘ವತ್ಸಲಾ ಆಂಟಿ, ವರ್ಕ್ ಲೈಫ್ ಬ್ಯಾಲೆನ್ಸ್ ಹೇಗಿರತ್ತೆ?’ ಅಯ್ಯೋ ನನ್ನ ಕಂದಮ್ಮಗಳಿರಾ! ನನಗೆ ಆ ತಕ್ಕಡಿಯೇ ಗೊತ್ತಿಲ್ಲ. ನನಗೆ ಚಿಕ್ಕಂದಿನಿಂದ ಊಟದ ಹುಚ್ಚು. ಮಾಡುವ ಹುಚ್ಚು, ತಿನ್ನುವ ಹುಚ್ಚು, ಇನ್ನೊಬ್ಬರು ತಿನ್ನುವುದನ್ನು ಎದುರು ಕೂತು ನೋಡುವ ಹುಚ್ಚು. ನಮ್ಮಮ್ಮ ನನ್ನನ್ನು ಕರೆಯುತ್ತಿದ್ದುದೇ ತಿಂಡಿಪೋತಿ ಎಂದು. ಆ ಹುಚ್ಚಿಗೇ ಒಂದು ಆಸ್ಪತ್ರೆಯವರು ಸಂಬಳ ಕೊಟ್ಟು, ಬಿಳಿ ಕೋಟು ಹಾಕಿ, ಇದರಿಂದ ನಾಲ್ಕು ಜನರ ಪ್ರಾಣ ಉಳಿಸು ಎಂದರೆ ಯಾರಿಗೆ ಬೇಕು ಬ್ಯಾಲೆನ್ಸು?

ಆದರೆ ಅಲ್ಲಿಗೆ ನಾನು ನೇರವಾಗಿ ಹೋದವಳಲ್ಲ. ಮೈಸೂರಿನಲ್ಲಿ ಮಾತು, ಶ್ರವಣ ಎಂದು ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇಲ್ಲಿಯ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದೆ. ಮೊದಲು ಸಿಕ್ಕಿದ್ದು ಕ್ವೀನ್ಸ್‌ನ ಒಂದು ಶಾಲೆಯಲ್ಲಿ ಮಕ್ಕಳ ಉಚ್ಚಾರಣೆ ತಿದ್ದುವ ಕೆಲಸ. ನನ್ನ ಬಳಿ ಕಲಿತ ಒಬ್ಬ ಹುಡುಗ ಮನೆಯಲ್ಲಿ ಥೇಟ್ ನನ್ನ ಹಾಗೆಯೇ ತಲೆಯಾಡಿಸಿಕೊಂಡು ಮಾತಾಡತೊಡಗಿದನೆಂದು ಅವನ ತಾಯಿ ದೂರು ತಂದಳು. ಮಕ್ಕಳು ಮುದ್ದಾಗಿದ್ದವು, ಕೆಲಸ ಮಾತ್ರ ಸಪ್ಪೆ. ದಿನವೂ ಗಡಿಯಾರ ನೋಡುತ್ತಿದ್ದೆ.

ಅಲ್ಲಿಂದ ಲಾಂಗ್ ಐಲೆಂಡ್‌ನ ಒಂದು ಆಸ್ಪತ್ರೆಗೆ ಬಂದೆ. ಅಲ್ಲಿ ನನ್ನ ಮೇಲಧಿಕಾರಿ ರೋಸ್‌ಮೇರಿ ಎಂಬ ಐರಿಷ್ ಹೆಂಗಸು. ಕಂಚಿನ ಕಂಠ, ಕಬ್ಬಿಣದ ನಾಲಿಗೆ. ಒಂದು ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ, ಬಿಸಿಬೇಳೆಭಾತಿಗೆ ಚಕ್ಕೆ ಯಾಕೆ ಹುರಿದೇ ಹಾಕಬೇಕು ಎಂದು ಪಕ್ಕದವಳಿಗೆ ವಿವರಿಸುತ್ತಿದ್ದೆ. ರೋಸ್‌ಮೇರಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ‘ನೀನು ಫೈಲ್ ಓದುವಾಗ ಆಕಳಿಸುತ್ತೀಯ, ಊಟದ ವಿಷಯ ಬಂದರೆ ಕುರ್ಚಿಯಿಂದ ಏಳುತ್ತೀಯ. ನಾಳೆಯಿಂದ ನನ್ನ ಜೊತೆ ಎಕ್ಸ್‌ರೇ ರೂಮಿಗೆ ಬಾ’ ಎಂದಳು.

ಹೋದೆ. ರೋಗಿಯನ್ನು ಎಕ್ಸ್‌ರೇ ಯಂತ್ರದ ಎದುರು ಕೂರಿಸಿ, ಬೇರಿಯಂ ಬೆರೆಸಿದ ಪುಡ್ಡಿಂಗ್ ಒಂದು ಚಮಚ ಬಾಯಿಗಿಡುತ್ತಾರೆ. ಬೇರಿಯಂ ಎಂದರೆ ಎಕ್ಸ್‌ರೇ ಪರದೆಯ ಮೇಲೆ ಕಪ್ಪಾಗಿ ಎದ್ದು ಕಾಣುವ ಒಂದು ಬಿಳಿ ಪುಡಿ. ತುತ್ತು ಎಲ್ಲಿ ಹೋಗುತ್ತದೆ ಎಂಬುದು ಪರದೆಯ ಮೇಲೆ ಸಿನಿಮಾದ ಹಾಗೆ ಕಾಣುತ್ತದೆ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಿತು, ಧ್ವನಿಪೆಟ್ಟಿಗೆ ಜಿಗಿದು ಮೇಲೆ ಬಂತು, ಶ್ವಾಸನಾಳದ ಮುಚ್ಚಳ ಬಾಗಿತು, ತುತ್ತು ಅದರ ಹಿಂದಿನಿಂದ ಜಾರಿ ಇಳಿದೇ ಹೋಯಿತು! ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಷ್ಟೆಲ್ಲ! ‘ಅಯ್ಯೋ ದೇವರೇ, ಇನ್ನೊಂದ್ಸಲ ತೋರ್ಸಿ!’ ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಹುಟ್ಟಿದಾರಭ್ಯ ಇಷ್ಟು ತಿಂದಿದ್ದೇನೆ, ಒಳಗೆ ಇಂಥ ಕುಣಿತ ನಡೆಯುತ್ತದೆಂದು ಯಾರೂ ಹೇಳಿರಲಿಲ್ಲವಲ್ಲ! ಅವತ್ತು ಮನೆಗೆ ಹೋಗಿ ಅನ್ನ ಸಾರು ತಿನ್ನುತ್ತಾ ಗಂಟಲ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಇದೇ ನನ್ನ ಕೆಲಸ ಎಂದು ಅನ್ನಿಸಿದ್ದು ಆ ಊಟದಲ್ಲಿ.

ರೋಸ್‌ಮೇರಿ ನನಗೆ ಹಾಕಿಕೊಟ್ಟದ್ದು ಒಂದೇ ನಿಯಮ: ನೀನು ರುಚಿ ನೋಡದ್ದನ್ನು ಇನ್ನೊಬ್ಬರ ಬಾಯಿಗೆ ಇಡಬೇಡ. ಮೊದಲ ವಾರವೇ ನುಣ್ಣಗೆ ಅರೆದ ಕ್ಯಾರೆಟ್ಟು, ಬಟಾಣಿ, ಗಟ್ಟಿ ಮಾಡುವ ಪುಡಿ ಹಾಕಿದ ಕಾಫಿ ಎಲ್ಲವನ್ನೂ ನನ್ನ ಮುಂದಿಟ್ಟು ಕೈ ಕಟ್ಟಿ ನಿಂತಳು. ಆ ಕಾಫಿಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು. ಮೈಸೂರಿನವಳ ಕಣ್ಣಲ್ಲಿ ನೀರು ಬಂತು. ‘ಅಳು, ಪರವಾಗಿಲ್ಲ. ಅವರು ದಿನಾ ಇದನ್ನೇ ಕುಡಿಯುತ್ತಾರೆ’ ಎಂದಳು ರೋಸ್‌ಮೇರಿ. ಈ ಕೆಲಸಕ್ಕೆ ಬರುವ ಹೊಸಬರೇ, ಈ ನಿಯಮವನ್ನು ಯಾವತ್ತೂ ಬಿಡಬೇಡಿ. ನೀವು ಎರಡನೇ ಚಮಚ ತಿನ್ನಲಾರದ್ದನ್ನು ರೋಗಿ ತಿನ್ನಲಿಲ್ಲ ಎಂದು ‘ಸಹಕರಿಸುತ್ತಿಲ್ಲ’ ಅಂತ ಬರೆಯಬೇಡಿ.

ಹುರುಪು ಹೆಚ್ಚಾದರೆ ಎಡವಟ್ಟುಗಳೂ ಆಗುತ್ತವೆ. ಸಾಲ್ವಟೋರ್ ಎಂಬ ಒಬ್ಬ ಮುದುಕಪ್ಪ, ಬೇಕರಿ ನಡೆಸುತ್ತಿದ್ದವನು, ಆಸ್ಪತ್ರೆಯ ಸಪ್ಪೆ ಊಟಕ್ಕೆ ಬಾಯಿಯೇ ತೆರೆಯುತ್ತಿರಲಿಲ್ಲ. ಬಾಯಿಗೆ ಏನಾದರೂ ಚುರುಕು ಮುಟ್ಟಿದರೆ ಗಂಟಲು ಎಚ್ಚರವಾಗುತ್ತದೆ ಎಂದು ನನ್ನ ಲೆಕ್ಕ. ಅನುಮತಿ ಪಡೆದು, ಮನೆಯಿಂದ ಸೋಸಿದ ಗಟ್ಟಿ ಬೇಳೆಸಾರು ತಂದೆ. ಇಂಗು ಹಾಕಿ ಒಗ್ಗರಣೆ ಕೊಟ್ಟಿದ್ದೆ, ಧಾರಾಳವಾಗಿ. ಅದನ್ನು ನರ್ಸ್‌ಗಳ ಮೈಕ್ರೋವೇವ್‌ನಲ್ಲಿ ಬಿಸಿಗಿಟ್ಟು ಕಾರಿಡಾರಿನಲ್ಲಿ ಹರಟುತ್ತಾ ನಿಂತೆ. ಹೊರಗೆ ಬಂದ ವಾಸನೆಗೆ ಯಾರೋ ‘ಗ್ಯಾಸ್ ಲೀಕ್!’ ಎಂದು ಕೂಗಿದರು. ಸೆಕ್ಯುರಿಟಿ ಬಂದರು, ಮೇಂಟೆನೆನ್ಸಿನವರು ಬಂದರು, ಕಿಟಕಿ ತೆಗೆಸಿದರು, ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದೊಂದು ಬಾಕಿ. ನಾನು ಬಟ್ಟಲು ಹಿಡಿದು ನಿಂತಿದ್ದೆ, ಮುಖ ಇಷ್ಟೇ ಇಷ್ಟು ಮಾಡಿಕೊಂಡು. ರೋಸ್‌ಮೇರಿ ಬಟ್ಟಲಿನ ಮೇಲೆ ಬಾಗಿ ಮೂಸಿ, ‘ಇದನ್ನು ನೀವು ಬೇಕೆಂದೇ ಹಾಕುತ್ತೀರಾ?’ ಎಂದು ಕೇಳಿದಳು. ಗಲಾಟೆಯೆಲ್ಲ ಇಳಿದ ಮೇಲೆ ಸಾಲ್ವಟೋರ್ ಇಡೀ ಬಟ್ಟಲು ಖಾಲಿ ಮಾಡಿದ. ರೋಸ್‌ಮೇರಿ ಬೈದಳು, ಆಮೇಲೆ ಆ ಖಾಲಿ ಬಟ್ಟಲನ್ನು ಎಲ್ಲರಿಗೂ ತೋರಿಸಿಕೊಂಡು ಬಂದಳು.

ಆಗ ಗಟ್ಟಿತನವನ್ನು ನಾವು ಕಣ್ಣಂದಾಜಿನಲ್ಲಿ ಹೇಳುತ್ತಿದ್ದೆವು. ಜೇನಿನಷ್ಟು, ಪುಡ್ಡಿಂಗಿನಷ್ಟು ಎಂದು. ಒಬ್ಬಳ ಜೇನು ಇನ್ನೊಬ್ಬಳ ಕೈಯಲ್ಲಿ ನೀರಾಗುತ್ತಿತ್ತು. ಈಗ ಎಲ್ಲ ಕಡೆ ಒಂದೇ ಅಳತೆ, ಅಂಕಿ ಕೊಟ್ಟಿದ್ದಾರೆ. ಫೋರ್ಕಿನ ಮೇಲೆ ಸುರಿದು ನೋಡಬೇಕು: ಹಲ್ಲುಗಳ ಸಂದಿಯಿಂದ ದಾರದಂತೆ ಇಳಿದರೆ ಒಂದು ದರ್ಜೆ, ಮೇಲೆಯೇ ಗುಡ್ಡೆಯಾಗಿ ಕೂತು ಕೆಳಗೆ ಚೂರು ಬಾಲ ಬಿಟ್ಟರೆ ಇನ್ನೊಂದು. ಶುರುವಿನಲ್ಲಿ ನಾನು ಗೊಣಗಿದೆ, ಎಳೆಪಾಕ ನೋಡಲು ಫೋರ್ಕ್ ಬೇಕಾ ನನಗೆ ಅಂತ. ಆಮೇಲೆ ಒಪ್ಪಿಕೊಂಡೆ. ನನಗೆ ಬೇಡದಿದ್ದರೂ ಮನೆಯಲ್ಲಿ ಕಲಸಿ ಕೊಡುವ ಹೆಂಡತಿಗೆ, ಮಗನಿಗೆ ಅದು ಬೇಕು. ಈ ಫೋರ್ಕಿನ ಮಹಿಮೆ ನನಗೆ ಸರಿಯಾಗಿ ಅರ್ಥವಾಗಿದ್ದು ಮೂರ್ತಿಯವರಿಂದ. ಈಗ ಅವರ ವಿಷಯಕ್ಕೆ ಬರುತ್ತೇನೆ, ಇಷ್ಟು ಬರೆಯಲು ಕೂತದ್ದೇ ಅದಕ್ಕಾಗಿ.

ರೋಸ್‌ಮೇರಿ ನಿವೃತ್ತಳಾಗಿದ್ದಳು, ನನ್ನ ನಿವೃತ್ತಿಯೂ ಹತ್ತಿರ ಬಂದಿತ್ತು. ಹಿಕ್ಸ್‌ವಿಲ್ ಪಕ್ಕದ ಜೆರಿಕೋದ ಮೂರ್ತಿಯವರು ನಮ್ಮ ವಾರ್ಡಿಗೆ ಬಂದರು. ನ್ಯೂಯಾರ್ಕ್ ಸಬ್‌ವೇಯಲ್ಲಿ ಸಿಗ್ನಲ್ ಇಂಜಿನಿಯರ್ ಆಗಿದ್ದು ನಿವೃತ್ತರಾದವರು, ಭೋಜನಪ್ರಿಯರು. ಪಾರ್ಶ್ವವಾಯು ಹೊಡೆದು ಬಲಭಾಗ ಸೋತಿತ್ತು. ಮಾತು ತೊದಲಾಗಿ, ಯಾರಿಗೂ ತಿಳಿಯದೆ ಅವಮಾನವಾದಂತಾಗಿ, ಮಾತಾಡುವುದನ್ನೇ ಬಿಟ್ಟಿದ್ದರು. ಹೆಂಡತಿ ಇಂದಿರಮ್ಮ ದಿನವಿಡೀ ಪಕ್ಕದಲ್ಲಿ. ಒಬ್ಬಳೇ ಮಗಳು ಮೇಘನಾ ಮ್ಯಾನ್‌ಹಟನ್‌ನಲ್ಲಿ ಲಾಯರು, ಸಂಜೆ ಟ್ರೈನ್ ಹಿಡಿದು ನೇರ ಆಸ್ಪತ್ರೆಗೆ ಓಡಿಬರುತ್ತಿದ್ದಳು.

ಮೊದಲ ಎಕ್ಸ್‌ರೇಯಲ್ಲಿ ನಾನೇ ನೋಡಿದ್ದೆ. ತೆಳು ನೀರು ಸರಕ್ಕನೆ ಶ್ವಾಸನಾಳಕ್ಕೆ ಇಳಿಯುತ್ತಿತ್ತು, ಅದೂ ಒಂದು ಕೆಮ್ಮೂ ಬಾರದೆ. ಗಟ್ಟಿಯಾದದ್ದು ಮಾತ್ರ ಸರಿಯಾದ ದಾರಿಯಲ್ಲಿ ಹೋಗುತ್ತಿತ್ತು. ಹಾಗಾಗಿ ನೀರು ಒಂದು ತೊಟ್ಟೂ ಕೂಡದು, ಎಲ್ಲ ಗಟ್ಟಿ ಮಾಡಿಯೇ ಕೊಡಬೇಕು ಎಂದು ಹಾಸಿಗೆಯ ಮೇಲೆ ಬೋರ್ಡು ಹಾಕಿಸಿದೆ. ಇಂದಿರಮ್ಮನಿಗೆ ಕನ್ನಡದಲ್ಲೂ ಬಿಡಿಸಿ ಹೇಳಿದೆ. ಆಕೆ ಎಷ್ಟು ಕಟ್ಟುನಿಟ್ಟೆಂದರೆ, ಹಲ್ಲುಜ್ಜುವ ಬ್ರಷ್ಷಿನ ಒದ್ದೆಯನ್ನೂ ಟವೆಲ್ಲಿಗೆ ಒತ್ತಿ ತೆಗೆಯುತ್ತಿದ್ದರು.

ಆದರೂ ಜ್ವರ ಬಂತು. ಇಳಿಯಿತು. ಮತ್ತೆ ಬಂತು. ಎದೆಯಲ್ಲಿ ನ್ಯುಮೋನಿಯಾ. ವಾರ್ಡಿನ ಡಾಕ್ಟರ್ ಹ್ಯಾಲರನ್ ನನ್ನನ್ನು ಕರೆದರು. ‘ವತ್ಸಲಾ, ಗಟ್ಟಿಯಾದದ್ದೂ ಒಳಗೆ ಹೋಗುತ್ತಿದೆ. ಬಾಯಿಯ ಊಟ ನಿಲ್ಲಿಸೋಣ. ಜ್ವರ ಇಳಿದ ಮೇಲೆ, ಶುಕ್ರವಾರ, ಹೊಟ್ಟೆಗೇ ಊಟದ ನಳಿಗೆ ಹಾಕಿಸೋಣ.’ ಅವರದ್ದು ತಪ್ಪಲ್ಲ. ಆ ನಳಿಗೆಯಿಂದ ಬದುಕಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೇಘನಾ ಕೂಡ ಒಪ್ಪಿದಳು. ‘ಐ ಕಾಂಟ್ ವಾಚ್ ದಿಸ್ ಎನಿಮೋರ್, ಆಂಟಿ. ಇನ್ನೊಂದು ಸಲ ನ್ಯುಮೋನಿಯಾ ಬಂದ್ರೆ ಹೀ ವೋಂಟ್ ಮೇಕ್ ಇಟ್. ಪ್ಲೀಸ್, ಜಸ್ಟ್ ಡೂ ದ ಟ್ಯೂಬ್’ ಎಂದು ಅತ್ತಳು.

ಮೂರ್ತಿಯವರು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಹೊರಡುವಾಗ ಸರಿಯಾಗಿದ್ದ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ತಮ್ಮ ಬಾಯಿ ತೋರಿಸಿದರು, ಹೊಟ್ಟೆ ತೋರಿಸಿದರು, ಬೇಡ ಬೇಡವೆಂದು ತಲೆಯಾಡಿಸಿದರು. ಕಣ್ಣಿನಿಂದ ನೀರು ಇಳಿಯಿತು. ಊಟ ಎಂದರೆ ಪ್ರಾಣ ಬಿಡುವ ಇನ್ನೊಬ್ಬಳು ನಾನು, ನನಗೆ ಆ ‘ಬೇಡ’ ಬಿಡಿಸಿ ಹೇಳಬೇಕಿರಲಿಲ್ಲ.

ನನ್ನ ತಲೆಯಲ್ಲಿ ಒಂದೇ ಹುಳ. ಗಟ್ಟಿಯಾದದ್ದು ಸರಿಯಾಗಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ, ಹಾಗಾದರೆ ಎದೆಗೆ ಹೋಗುತ್ತಿರುವುದು ಏನು? ಇಂದಿರಮ್ಮನನ್ನು ಕೇಳಿದೆ: ‘ನೀರೇನಾದ್ರೂ ಕೊಟ್ರಾ?’

‘ದೇವರಾಣೆಗೂ ಇಲ್ಲ ಕಣ್ರೀ! ಬಾಯಾರಿಕೆ ಅಂತ ಸನ್ನೆ ಮಾಡಿದ್ರೂ ನಾನು ಕಲ್ಲಾಗಿ ಕೂತಿದೀನಿ’ ಎಂದರು. ಆ ಮುಖದಲ್ಲಿ ಸುಳ್ಳಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಮೀಟಿಂಗ್ ಇದ್ದುದರಿಂದ ಎಂದಿಗಿಂತ ಮುಂಚೆ ಹೋಗಿದ್ದೆ. ಮೂರ್ತಿಯವರ ಕೋಣೆಗೆ ಇಣುಕಿದೆ. ಇಂದಿರಮ್ಮ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು, ಕೈಯಲ್ಲಿ ಪುಟ್ಟ ಬೆಳ್ಳಿ ಬಟ್ಟಲು, ಉದ್ಧರಣೆ ಹಿಡಿದು ನಿಂತಿದ್ದರು. ಮೂರ್ತಿಯವರು ಅರ್ಧ ಮಲಗಿದ ಹಾಗೇ ಬಾಯಿ ತೆರೆದಿದ್ದರು. ಅಕಾಲಮರಣ ತಪ್ಪಲಿ ಎಂದು ಬೇಡುವ ಮಂತ್ರ ಹೇಳುತ್ತಾ ಇಂದಿರಮ್ಮ ಉದ್ಧರಣೆಯನ್ನು ಬಾಯಿಗೆ ತಂದರು.

‘ನಿಲ್ಸೀ!’ ಎಂದು ನಾನು ಕಿರುಚಿದ ರಭಸಕ್ಕೆ ನರ್ಸ್ ಓಡಿಬಂದಳು.

‘ಏನಾಯ್ತ್ರೀ?’

‘ನೀರು ಕೊಡ್ತಿದೀರಲ್ಲ!’

‘ಅಯ್ಯೋ, ನೀರಲ್ಲ ಕಣ್ರೀ’ ಎಂದರು ಇಂದಿರಮ್ಮ, ನನ್ನನ್ನೇ ವಿಚಿತ್ರವಾಗಿ ನೋಡುತ್ತಾ. ‘ತೀರ್ಥ!’

ಬೈಯಲು ಹೊರಟವಳಿಗೆ ನಮ್ಮಜ್ಜಿ ನೆನಪಾದರು. ಏಕಾದಶಿಯಂದು ತೊಟ್ಟು ನೀರೂ ಮುಟ್ಟದವರು ತೀರ್ಥ ಮಾತ್ರ ತೆಗೆದುಕೊಳ್ಳುತ್ತಿದ್ದರು, ಉಪವಾಸ ಮುರಿಯಿತು ಎಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ತೀರ್ಥ ಯಾವತ್ತು ನೀರಿನ ಲೆಕ್ಕದಲ್ಲಿತ್ತು? ಇಂದಿರಮ್ಮ ನಿಜವನ್ನೇ ಹೇಳಿದ್ದರು. ನಾಲ್ಕು ಹನಿಯಾದರೂ ದಿನಾ ಬೆಳಿಗ್ಗೆ, ಮಲಗಿದ್ದಲ್ಲೇ, ತೆಳ್ಳಗೆ, ಸೀದಾ ಎದೆಯೊಳಗೆ. ಇದಕ್ಕೇ ಹೇಳುವುದು ಹೊಸಬರೇ, ‘ನೀರು ಕೊಟ್ರಾ’ ಅಂತ ಕೇಳಬೇಡಿ. ‘ಬೆಳಿಗ್ಗೆ ಎದ್ದಾಗಿನಿಂದ ಇವರ ತುಟಿಗೆ ಏನೇನು ಮುಟ್ಟಿತು, ಹೇಳಿ’ ಅನ್ನಿ. ಚರ್ಚಿನ ವೈನಾಗಲಿ, ಮೆಕ್ಕಾದಿಂದ ತಂದ ಝಂಝಂ ನೀರಾಗಲಿ, ಯಾವ ಮನೆಯಲ್ಲೂ ಅದು ಪಾನೀಯದ ಲೆಕ್ಕಕ್ಕೆ ಬರುವುದಿಲ್ಲ.

ವಿಷಯ ಬಿಡಿಸಿ ಹೇಳಿದಾಗ ಇಂದಿರಮ್ಮ ಬಟ್ಟಲು ಕೆಳಗಿಟ್ಟು ಹಾಸಿಗೆಯ ಅಂಚಿಗೆ ಕೂತರು. ‘ನಾನೇ ಕೊಂದುಬಿಡ್ತಿದ್ನಾ?’ ಎಂದರು. ಅವರ ಕೈ ಹಿಡಿದುಕೊಂಡೆ. ‘ಉಳಿಸೋಕೆ ಅಂತ ಕೊಟ್ಟಿದ್ದು. ಉಳಿಸೋಣ, ಏಳಿ’ ಎಂದೆ.

ಡಾಕ್ಟರ್ ಹ್ಯಾಲರನ್ ಕೇಳಿ ಹುಬ್ಬೇರಿಸಿದರು. ಶುಕ್ರವಾರ ಮೊದಲು ಒಂದು ಎಕ್ಸ್‌ರೇ, ಅದರಲ್ಲಿ ಗಟ್ಟಿಯಾದದ್ದು ಒಂದು ಚೂರು ದಾರಿ ತಪ್ಪಿದರೂ ಅಲ್ಲಿಂದಲೇ ನಳಿಗೆಗೆ ಎಂದು ಒಪ್ಪಿದರು. ಅಷ್ಟರವರೆಗೆ ಗಟ್ಟಿ ಊಟ ಎಚ್ಚರಿಕೆಯಿಂದ ಕೊಡಬಹುದು ಎಂದರು. ನನಗೆ ಕುಣಿಯುವಂತಾಯಿತು. ಆದರೆ ತೀರ್ಥ ನಿಂತದ್ದೇ ತಡ, ಮೂರ್ತಿಯವರು ಬಾಯಿ ಮುಚ್ಚಿಬಿಟ್ಟರು! ತೀರ್ಥ ತೆಗೆದುಕೊಳ್ಳದೆ ಜನ್ಮದಲ್ಲಿ ಅನ್ನ ಮುಟ್ಟಿದವರಲ್ಲವಂತೆ. ಚಮಚ ತಂದರೆ ತುಟಿ ಬಿಗಿ. ತಿನ್ನದಿದ್ದರೆ ಎಕ್ಸ್‌ರೇಯೂ ಇಲ್ಲ, ನಳಿಗೆಯೇ ಗತಿ.

‘ತೀರ್ಥಕ್ಕೆ ಗಟ್ಟಿ ಮಾಡೋ ಪುಡಿ ಹಾಕ್ಲಾ?’ ಎಂದೆ.

‘ಕಾರ್ನ್‌ಸ್ಟಾರ್ಚಾ? ತೀರ್ಥಕ್ಕಾ? ಗೊಜ್ಜು ಮಾಡ್ತೀರೇನ್ರೀ ದೇವರನ್ನ?’ ಎಂದು ಇಂದಿರಮ್ಮ ಕೆಂಡವಾದರು. ಹಾಸಿಗೆಯಲ್ಲಿದ್ದ ಮೂರ್ತಿಯವರೂ ಮುಖ ತಿರುಗಿಸಿದರು. ಗಂಡ ಹೆಂಡತಿ ಒಂದೇ ಪಾರ್ಟಿ.

ಗುರುವಾರ ಸಂಜೆ ಮನೆಗೆ ಹೋಗುತ್ತಾ ಹಿಕ್ಸ್‌ವಿಲ್ ಸ್ಟೇಷನ್ ಹತ್ತಿರದ ಅಂಗಡಿಗೆ ಹೊಕ್ಕೆ. ತರಕಾರಿ ಆರಿಸುತ್ತಿದ್ದವಳಿಗೆ ಪಕ್ಕದ ಬುಟ್ಟಿಯಲ್ಲಿ ಬಾಳೆಹಣ್ಣು ಕಂಡಿತು, ಚೆನ್ನಾಗಿ ಕಳಿತದ್ದು. ಅಲ್ಲೇ ನಿಂತು ‘ಥತ್, ನಿನ್ನ!’ ಎಂದು ಹಣೆ ಚಚ್ಚಿಕೊಂಡೆ. ಪಂಚಾಮೃತ! ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ, ಅದಕ್ಕೆ ಕಿವುಚಿದ ಬಾಳೆಹಣ್ಣು. ಅದೂ ದೇವರದ್ದೇ, ತೀರ್ಥದ ಹಾಗೇ ಕೈಗೆ ಹಾಕುತ್ತಾರೆ, ಯಾವ ಪುಡಿಯೂ ಬೇಡದೆ ತಾನಾಗಿ ಗಟ್ಟಿ! ಬಿಲ್ ಕೌಂಟರಿನ ಹುಡುಗಿ ‘ಆಂಟಿ, ಆರ್ ಯೂ ಓಕೆ?’ ಎಂದಳು. ‘ಐ ಆಮ್ ಬ್ರಿಲಿಯಂಟ್!’ ಎಂದೆ.

ಮನೆಯಲ್ಲಿ ಕಲಸಿದೆ, ಜರಡಿಯಲ್ಲಿ ಸೋಸಿದೆ, ಫೋರ್ಕಿನ ಮೇಲೆ ಸುರಿದೆ. ಜಾರಿತು. ಹಾಲು ತೀರಾ ಕಡಿಮೆ ಮಾಡಿ ಹಣ್ಣು ಹೆಚ್ಚಿಸಿದೆ. ಮೇಲೆ ಗುಡ್ಡೆ, ಕೆಳಗೆ ಚೂರು ಬಾಲ. ಬಂತು! ತಕ್ಷಣ ಇಂದಿರಮ್ಮನಿಗೆ ಫೋನ್. ಪೂಜೆ ಮಾಡಿ ಒಪ್ಪಿಸುವುದು ಅವರ ಮನೆಯಲ್ಲೇ ಆಗಬೇಕಲ್ಲ.

‘ದ್ರಾಕ್ಷಿ, ಗೋಡಂಬಿ, ಕಲ್ಲುಸಕ್ಕರೆ ಯಾವ್ದೂ ಬೇಡ. ಬೆಣ್ಣೆ ಹಾಗಿರ್ಬೇಕು. ಬೆಳಿಗ್ಗೆ ಫೋರ್ಕಿನ ಮೇಲೆ ಹಾಕಿ ನೋಡಿ’ ಎಂದೆ.

ಬೆಳಿಗ್ಗೆ ಅವರದ್ದೇ ಫೋನ್ ಬಂತು. ‘ದೇವರ ಮುಂದೆ ಫೋರ್ಕ್ ಹಿಡ್ಕೊಂಡು ನಿಂತಿದೀನಿ ಕಣ್ರೀ, ಯಾರಾದ್ರೂ ನೋಡಿದ್ರೆ ಏನನ್ಕೋತಾರೋ. ಗುಡ್ಡೆ ನಿಂತಿದೆ. ಅದಕ್ಕೆ ನೀವು ಆ ಬಿಳೀ ಔಷಧಿ ಬೆರೆಸೋದು ಒಪ್ಪಿಸಿದ ಮೇಲೆ ತಾನೇ?’

‘ಆಮೇಲೇ.’

‘ಹಾಗಾದ್ರೆ ಪರವಾಗಿಲ್ಲ.’

ಎಕ್ಸ್‌ರೇ ರೂಮಿನಲ್ಲಿ ಮೂರ್ತಿಯವರನ್ನು ನೆಟ್ಟಗೆ ಕೂರಿಸಿದೆವು. ಗಾಜಿನ ಆಚೆ ಇಂದಿರಮ್ಮ, ಕೋರ್ಟಿಗೆ ರಜೆ ಹಾಕಿ ಬಂದಿದ್ದ ಮೇಘನಾ. ಪರದೆಯ ಮುಂದೆ ಡಾಕ್ಟರ್ ಹ್ಯಾಲರನ್ ಖುದ್ದಾಗಿ ನಿಂತಿದ್ದರು. ನಾನು ಬೆಳ್ಳಿ ಬಟ್ಟಲು ತಂದಾಗ ಮೂರ್ತಿಯವರ ಕಣ್ಣು ಅರಳಿತು. ‘ಪಂಚಾಮೃತ. ನಿಮ್ಮ ಮನೇದು’ ಎಂದೆ. ಬಿಗಿದ ತುಟಿ ತೆರೆಯಿತು. ಬೇರಿಯಂ ಬೆರೆಸಿದ ಒಂದು ಚಮಚ ಇಟ್ಟೆ.

ನಾಲಿಗೆ ತಡವರಿಸಿತು. ತುತ್ತು ಗಂಟಲ ಅಂಚಿನಲ್ಲಿ ನಿಂತಿತು. ‘ಬಲ ಹಾಕಿ ನುಂಗಿ!’ ಎಂದೆ. ಧ್ವನಿಪೆಟ್ಟಿಗೆ ಎದ್ದಿತು, ಮುಚ್ಚಳ ಬಾಗಿತು, ಕಪ್ಪು ತುತ್ತು ಹಿಂದಿನ ದಾರಿಯಲ್ಲಿ ಇಳಿಯಿತು. ಇಳಿಯಿತು! ಶ್ವಾಸನಾಳ ಚೊಕ್ಕಟ. ಡಾಕ್ಟರು ಪರದೆಗೆ ಮೂಗು ತಾಗುವಷ್ಟು ಬಾಗಿದರು.

ನುಂಗಿದ ಮೇಲೆ ಒಮ್ಮೆ ‘ಆ’ ಅನ್ನಿಸುತ್ತೇವೆ. ಗಂಟಲಲ್ಲಿ ಏನಾದರೂ ಉಳಿದಿದ್ದರೆ ಧ್ವನಿ ಗುಳುಗುಳು ಅನ್ನುತ್ತದೆ. ‘ಎಲ್ಲಿ, ಆ ಅನ್ನಿ’ ಎಂದೆ.

ಮೂರ್ತಿಯವರು ‘ಆ’ ಅನ್ನಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ, ಆದರೆ ಗುಳುಗುಳು ಇಲ್ಲದ ಸ್ವಚ್ಛ ದನಿಯಲ್ಲಿ ಹೇಳಿದರು:

‘ಬಾಳೆಹಣ್ಣು... ಜಾಸ್ತಿ... ಆಯ್ತು.’

ಗಾಜಿನಾಚೆ ಇಂದಿರಮ್ಮ ‘ನೋಡಿದ್ರಾ! ಬಾಯಿ ಬಂದ ತಕ್ಷಣ ನನ್ನ ಮೇಲೇ ದೂರು!’ ಎಂದು ಅಳುತ್ತಾ ನಗತೊಡಗಿದರು. ಮೇಘನಾ ಅಮ್ಮನನ್ನು ಬಾಚಿ ತಬ್ಬಿದಳು. ನಾನು ಏನೂ ಕಾಣದಷ್ಟು ಅಳುತ್ತಿದ್ದೆ.

‘ಏನು ಹೇಳಿದರು?’ ಎಂದರು ಡಾಕ್ಟರ್ ಹ್ಯಾಲರನ್. ಹೇಳಿದೆ. ಅವರು ನಕ್ಕು, ಫೋನ್ ಎತ್ತಿ, ನಳಿಗೆ ಬೇಡ ಎಂದು ತಿಳಿಸಿದರು. ಇಟ್ಟ ಮೇಲೆ ಮೂರ್ತಿಯವರ ಭುಜ ತಟ್ಟಿ, ‘ಸರಿ, ಇನ್ನು ಮೇಲೆ ಹಣ್ಣು ಕಡಿಮೆ ಹಾಕಲು ಹೇಳೋಣ’ ಎಂದರು.

‘ಕಡಿಮೆಯಾ? ಸಾಧ್ಯವೇ ಇಲ್ಲ!’ ಎಂದು ನಾನು ಕಣ್ಣೊರೆಸಿಕೊಳ್ಳುವುದನ್ನೂ ಬಿಟ್ಟು ಚೀರಿದೆ. ‘ಕಮ್ಮಿ ಮಾಡಿದ್ರೆ ತೆಳ್ಳಗಾಗತ್ತೆ! ಮೂರ್ತಿಯವರೇ, ಇಷ್ಟೇ ಬಾಳೆಹಣ್ಣು ಇರತ್ತೆ, ಹೀಗೇ ತಿನ್ಬೇಕು!’

ಮೂರ್ತಿಯವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಎರಡನೇ ಚಮಚಕ್ಕೆ ಬಾಯಿ ತೆರೆದರು.